ಕಕ್ಕಿದ್ದನ್ನ ಮತ್ತೆ ತುಂಬಿಸ್ತಾ ಹೋದ ಮನೆ: ಒಂದು ಪಾಪುವಿನ ಕೇಸ್

ಮೊದಲೇ ಹೇಳಿಬಿಡ್ತೀನಿ, ಈ ಕೇಸಲ್ಲಿ ನಂದೂ ಒಂದು ದೊಡ್ಡ ತಪ್ಪಿದೆ, ಬರೀತಿರೋದೇ ಅದಕ್ಕೆ. ಎದೆಹಾಲು ಕುಡಿಸೋ ಅಮ್ಮಂದಿರಿಗೆ ಸಹಾಯ ಮಾಡೋ ಕೆಲಸ ನಂದು, ಡಾಕ್ಟರ್ ಅಲ್ಲ. ಮನೆಯವರನ್ನ ಕೇಳಿ, ಅವರು ಹೂಂ ಅಂದಮೇಲೇ ಬರೀತಿದೀನಿ. ಯಾರು ಏನು ಅಂತ ಗುರುತು ಸಿಗೋ ವಿವರ ಎಲ್ಲಾ ತೆಗೆದಿದೀನಿ, ಮಗುನ ಬರೀ ಪಾಪು ಅಂತ ಕರೀತೀನಿ.

ಹಿನ್ನೆಲೆ

ಪಾಪು ಹೆಣ್ಣುಮಗು, ಮೊದಲನೇ ಮಗು, ತಿಂಗಳು ತುಂಬಿನೇ ಹುಟ್ಟಿದ್ದು. ಹುಟ್ಟಿದಾಗ 3.1 ಕೆಜಿ, ನಾಲ್ಕನೇ ದಿನಕ್ಕೆ 2.9ಕ್ಕೆ ಇಳಿದು (ಇದು ಹೆಚ್ಚಿನ ಮಕ್ಕಳಲ್ಲಿ ಆಗುತ್ತೆ, ಎರಡು ವಾರದೊಳಗೆ ವಾಪಸ್ ಬಂದ್ರೆ ಸಾಕು) ಹನ್ನೊಂದನೇ ದಿನಕ್ಕೆ ಮತ್ತೆ ಹುಟ್ಟಿದ ತೂಕಕ್ಕೆ ಬಂತು. ಮೂರನೇ ವಾರದಿಂದ ಹಾಲು ಕಕ್ಕೋಕೆ ಶುರು. ನಾಲ್ಕನೇ ವಾರಕ್ಕೆ ದಿನಕ್ಕೆ ಹತ್ತು ಹನ್ನೆರಡು ಸಲ, ಒಂದೊಂದ್ಸಲ ಮೂಗಲ್ಲೂ ಬರೋದು, ಒಂದೊಂದ್ಸಲ ಮೊಸರಿನ ತರ ಗಂಟು ಗಂಟಾಗಿ. ಅಜ್ಜಿಗೆ ಆ ಗಂಟು ನೋಡಿದ್ರೆ ಭಯ, ಹಾಲು ಜೀರ್ಣನೇ ಆಗ್ತಿಲ್ಲ ಅಂತ. ನಿಜ ಹೇಳಬೇಕು ಅಂದ್ರೆ ಅದು ಉಲ್ಟಾ, ಹೊಟ್ಟೆಯ ಆಸಿಡ್ ಹಾಲಿಗೆ ಸೇರಿದ್ರೆ ಹಾಲು ಒಡೆಯುತ್ತೆ, ಜೀರ್ಣದ ಮೊದಲನೇ ಮೆಟ್ಟಿಲೇ ಅದು. ಕುಡಿದ ತಕ್ಷಣ ಕಕ್ಕಿದ್ರೆ ಹಾಲು ಹಾಲಾಗೇ ಬರುತ್ತೆ, ಅರ್ಧ ಗಂಟೆ ಬಿಟ್ಟು ಕಕ್ಕಿದ್ರೆ ಒಡೆದು ಬರುತ್ತೆ, ಅಷ್ಟೇ.

ಐದನೇ ವಾರದಲ್ಲಿ ಒಂದು ಕ್ಲಿನಿಕ್‌ಗೆ ತೋರಿಸಿದ್ರು. ಅಲ್ಲಿ ಆಸಿಡ್ ಕಮ್ಮಿ ಮಾಡೋ ಡ್ರಾಪ್ಸ್ ಬರೆದುಕೊಟ್ರು. ಹತ್ತು ದಿನ ಹಾಕಿದ್ರೂ ಕಕ್ಕೋದು ಹಾಗೇ ಇತ್ತು. ಆಗ ನನ್ನ ನಂಬರ್ ಯಾರೋ ಕೊಟ್ಟು, ಆರನೇ ವಾರದ ಕೊನೇಲಿ ಅಮ್ಮ ಫೋನ್ ಮಾಡಿದ್ರು.

ನಾನು ಮಾಡಿದ ತಪ್ಪು

ಫೋನಲ್ಲಿ ಅಮ್ಮ ಅಳ್ತಾ ಇದ್ರು. "ಮೇಡಂ, ಕುಡಿದಿದ್ದೆಲ್ಲಾ ಹೊರಗೆ ಹಾಕ್ತಾಳೆ, ಹೊಟ್ಟೇಲಿ ಏನೂ ನಿಲ್ತಿಲ್ಲ, ನನ್ನ ಹಾಲೇ ಸರಿ ಇಲ್ವೇನೋ." ನಾನು ಸುಮಾರು ಪ್ರಶ್ನೆ ಕೇಳಿದೆ, ಆಮೇಲೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು, ಎರಡು ವಾರ ನೀವು ಹಾಲು, ಮೊಸರು, ಬೆಣ್ಣೆ ಎಲ್ಲಾ ಬಿಟ್ಟು ನೋಡಿ ಅಂದೆ. ಈ ಸಲಹೆ ಸುಮ್ಮನೆ ಹುಟ್ಟಿದ್ದಲ್ಲ, ಕಕ್ಕೋದರ ಜೊತೆ ತೊಂದರೆ ಇರೋ ಮಕ್ಕಳಿಗೆ ಆಸಿಡ್ ಔಷಧಿಗೆ ಮೊದಲು ಇದನ್ನ ಎರಡರಿಂದ ನಾಲ್ಕು ವಾರ ಟ್ರೈ ಮಾಡಿ ಅಂತ ಮಕ್ಕಳ ಹೊಟ್ಟೆ ಡಾಕ್ಟರ್‌ಗಳ 2018ರ ಮಾರ್ಗಸೂಚಿಲೂ ಇದೆ. ಆದ್ರೆ ಅದು ತೊಂದರೆ ಇರೋ ಮಕ್ಕಳಿಗೆ. ಈ ಪಾಪುಗೆ ಮೈಮೇಲೆ ಎಕ್ಸಿಮಾ (ಕೆಂಪಗಾಗಿ ತುರಿಸೋ ಚರ್ಮ) ಇಲ್ಲ, ಮಲದಲ್ಲಿ ರಕ್ತ ಇಲ್ಲ, ಲೋಳೆ ಇಲ್ಲ, ಕುಡಿಯೋಕೆ ಹಟ ಇಲ್ಲ. ಬರೀ ಕಕ್ಕೋದು. ಅಷ್ಟಕ್ಕೇ ನಾನು ಒಂದು ಬಾಣಂತಿಯ ಊಟಕ್ಕೆ ಕತ್ತರಿ ಹಾಕಿದೆ. ಅವರು ಮೊದಲೇ ಸರಿಯಾಗಿ ಊಟ ಮಾಡ್ತಿರಲಿಲ್ಲ.

ಇನ್ನೊಂದು ವಿಷಯ ನಾನು ಕೇಳಲೇ ಇಲ್ಲ. ಅದು ಎರಡು ವಾರ ಆದಮೇಲೆ ಗೊತ್ತಾಯ್ತು, ಅಲ್ಲಿಗೆ ಬರ್ತೀನಿ.

ಎರಡು ವಾರದಲ್ಲಿ ಒಂದು ಚೂರೂ ಬದಲಾಗಲಿಲ್ಲ. ಅಪ್ಪ ಒಂದು ನೋಟ್‌ಬುಕ್ ಇಟ್ಕೊಂಡು ಪ್ರತಿ ಸಲದ್ದೂ ಟೈಮ್ ಬರೀತಿದ್ರು, "ಜಾಸ್ತಿ", "ಮೀಡಿಯಂ", "ತುಂಬಾ ಜಾಸ್ತಿ" ಅಂತ. ಕಕ್ಕಿದ ಬಟ್ಟೆಗಳ ಫೋಟೋ ಕಳಿಸ್ತಿದ್ರು. ಫೋಟೋ ನೋಡಿದ್ರೆ ನನಗೂ ಗಾಬರಿ ಆಗೋದು. ಒಂದಿನ ನಮ್ಮನೇಲೇ ಮೂರು ಟೀ ಚಮಚ ಹಾಲು ತಗೊಂಡು, ಅಂದ್ರೆ 15 ಎಂಎಲ್, ಒಂದು ಒಣಗಿದ ಬಟ್ಟೆ ಮೇಲೆ ಸುರಿದು ಫೋಟೋ ತೆಗೆದು ಅವರಿಗೆ ಕಳಿಸಿದೆ, ಇದೆಷ್ಟು ಹೇಳಿ ಅಂತ. ಅಪ್ಪ ಅರ್ಧ ಗ್ಲಾಸ್ ಅಂದ್ರು, ಅಜ್ಜಿ ಇನ್ನೂ ಜಾಸ್ತಿ ಅಂದ್ರಂತೆ. ನಿಮಗೂ ನಂಬಿಕೆ ಇಲ್ಲ ಅಂದ್ರೆ ಸುರಿದು ನೋಡಿ, ಬಟ್ಟೆ ಸುಳ್ಳು ಹೇಳುತ್ತೆ.

ಗುಲಾಬಿ ಗೆರೆ

ಎಂಟನೇ ವಾರ, ರಾತ್ರಿ ಹನ್ನೊಂದು ದಾಟಿತ್ತು, ಫೋನ್ ಬಂತು. ಕಕ್ಕಿದ ಹಾಲಲ್ಲಿ ಗುಲಾಬಿ ಬಣ್ಣದ ಗೆರೆ, ರಕ್ತದ ತರ. ನಾನು ಒಂದೇ ಮಾತು ಹೇಳಿದ್ದು, ಬಟ್ಟೆ ಒಗೀಬೇಡಿ, ಹಾಗೇ ಒಂದು ಕವರ್‌ಗೆ ಹಾಕ್ಕೊಂಡು ಈಗಲೇ ಆಸ್ಪತ್ರೆಗೆ ಹೊರಡಿ. ಇಡೀ ಕೇಸಲ್ಲಿ ನಾನು ಎರಡು ಸಲ ಯೋಚನೆ ಮಾಡದೇ ತಗೊಂಡ ತೀರ್ಮಾನ ಅಂದ್ರೆ ಇದೊಂದೇ.

ಅಲ್ಲಿ ಡ್ಯೂಟಿಲಿದ್ದ ಮಕ್ಕಳ ಡಾಕ್ಟರ್ ಪಾಪುನ ಪೂರ್ತಿ ಬಟ್ಟೆ ಬಿಚ್ಚಿ ನೋಡಿದ್ರು. ಹೊಟ್ಟೆ ಮೆತ್ತಗಿದೆ, ನೆತ್ತಿ ಉಬ್ಬಿಲ್ಲ, ಜ್ವರ ಇಲ್ಲ, ಡಯಾಪರ್ ಚೆನ್ನಾಗಿ ಒದ್ದೆ, ಮುಖ ನೋಡಿ ನಗುತ್ತೆ. ತೂಕ ಹಾಕಿದ್ರು, 5.6 ಕೆಜಿ. ಆಮೇಲೆ ಅಮ್ಮನ ಕಡೆ ತಿರುಗಿ, "ನಿಮಗೆ ಎದೆ ಹತ್ರ ಏನಾದ್ರೂ ಗಾಯ ಇದ್ಯಾ?" ಅಂದ್ರು. ಇತ್ತು. ಎರಡೂ ಕಡೆ ಮೊಲೆತೊಟ್ಟು ಸೀಳಿತ್ತು, ಒಂದು ಕಡೆ ರಕ್ತ ಜಿನುಗ್ತಿತ್ತು. ಪಾಪು ಕಕ್ಕಿದ್ದು ಅಮ್ಮನ ರಕ್ತ. ಆ ಗಾಯದ ವಿಷಯ ಅಮ್ಮ ಯಾರಿಗೂ ಹೇಳಿರಲಿಲ್ಲ, ಮಗು ಕಕ್ಕೋದೇ ದೊಡ್ಡ ವಿಷಯ ಆಗಿದ್ದಾಗ ಇದೇನ್ ಮಹಾ ಅಂತ ಅವರಿಗೆ. ನಾನೂ ಕೇಳಿರಲಿಲ್ಲ, ಇದು ನನ್ನ ಕೆಲಸದ ಮೊದಲನೇ ಪ್ರಶ್ನೆ ಆಗಬೇಕಿತ್ತು.

ಡಾಕ್ಟರ್ ಇನ್ನೂ ಒಂದು ಕೆಲಸ ಮಾಡಿದ್ರು, ತೂಕದ ಲೆಕ್ಕ. ನಾಲ್ಕನೇ ದಿನ 2.9, 56ನೇ ದಿನ 5.6. 52 ದಿನಕ್ಕೆ 2700 ಗ್ರಾಂ, ದಿನಕ್ಕೆ ಸುಮಾರು 52 ಗ್ರಾಂ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದ್ರೆ ಚೆನ್ನಾಗಿ ಬೆಳೀತಿದೆ ಅಂತಾರೆ. ಹೊಟ್ಟೇಲಿ ಏನೂ ನಿಲ್ತಿಲ್ಲ ಅಂತ ಇಡೀ ಮನೆ ಅಳ್ತಿದ್ದ ಮಗು ಹತ್ತಿರತ್ತಿರ ಎರಡು ಪಟ್ಟು ಏರಿತ್ತು. ಒಂದು ತಿಂಗಳಿಂದ ಎಲ್ಲರೂ ಹೊರಗೆ ಬಂದಿದ್ದನ್ನ ಅಳೀತಾ ಇದ್ವಿ, ಒಳಗೆ ಉಳಿದಿದ್ದನ್ನ ಯಾರೂ ಅಳೆದಿರಲಿಲ್ಲ. ನಾನೂ ಸೇರಿ.

ಡ್ರಾಪ್ಸ್ ಬಗ್ಗೆ ಅಪ್ಪ ಕೇಳಿದ್ರಂತೆ, ಡೋಸ್ ಜಾಸ್ತಿ ಮಾಡಬೇಕಾ ಅಂತ. ಡಾಕ್ಟರ್ ನಿಲ್ಲಿಸಿದ್ರು. ಯಾಕೆ ಅಂದ್ರೆ ಆ ಔಷಧಿ ಹೊಟ್ಟೆಯ ಆಸಿಡ್ ಕಮ್ಮಿ ಮಾಡುತ್ತೆ, ಮೇಲೆ ಬರೋ ಹಾಲನ್ನ ಕಮ್ಮಿ ಮಾಡಲ್ಲ. ಆಸಿಡ್ ಇಲ್ಲದ ಹಾಲು ಬರುತ್ತೆ, ಅಷ್ಟೇ ವ್ಯತ್ಯಾಸ. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ 162 ಪುಟ್ಟ ಮಕ್ಕಳಿಗೆ ಅರ್ಧ ಜನಕ್ಕೆ ಲ್ಯಾನ್ಸೊಪ್ರಜೋಲ್ ಅನ್ನೋ ಆಸಿಡ್ ಕಮ್ಮಿ ಮಾಡೋ ಔಷಧಿ, ಅರ್ಧ ಜನಕ್ಕೆ ಬರೀ ಹೆಸರಿಗೆ ಔಷಧಿ ಕೊಟ್ಟು ನೋಡಿದ್ರು, ಎರಡು ಗುಂಪಲ್ಲೂ 54 ಪರ್ಸೆಂಟ್ ಮಕ್ಕಳು ಸುಧಾರಿಸಿದ್ರು, ಅಂದ್ರೆ ಔಷಧಿಯಿಂದ ಹೆಚ್ಚಿನ ಲಾಭ ಏನೂ ಇಲ್ಲ, ಜೊತೆಗೆ ಔಷಧಿ ತಗೊಂಡ ಮಕ್ಕಳಲ್ಲಿ ಶ್ವಾಸಕೋಶದ ಸೋಂಕು ಜಾಸ್ತಿ ಕಂಡಿತ್ತು. ಅನ್ನನಾಳ ಸುಟ್ಟು ಹುಣ್ಣಾಗಿರೋ ಮಕ್ಕಳಿಗೆ ಆ ಔಷಧಿ ಬೇಕು, ಅದು ಬೇರೆ ಕಥೆ.

ಕಣ್ಣಾರೆ ನೋಡಿದ ಮೇಲೆ

ಮಾರನೇ ದಿನ ನಾನು ಅವರ ಮನೆಗೇ ಹೋದೆ. ಎರಡು ವಾರದ ಹಿಂದೆನೇ ಹೋಗಬೇಕಿತ್ತು.

ಪಾಪು ಹಸಿದು ಎದ್ದಿದ್ಲು, ಅಮ್ಮ ಕೂತು ಹಾಲಿಗೆ ಹಾಕಿದ್ರು. ಮೊದಲ ಅರ್ಧ ನಿಮಿಷ ಚೆನ್ನಾಗಿತ್ತು, ಆಮೇಲೆ ಹಾಲು ಇಳಿದುಬಂತು ನೋಡಿ, ಮಗು ಕಣ್ಣು ಅಗಲ ಮಾಡ್ಕೊಂಡು ಗಟಗಟ ನುಂಗೋಕೆ ಶುರು ಮಾಡ್ತು, ಉಸಿರಾಡೋಕೆ ಟೈಮಿಲ್ಲ, ಕೆಮ್ಮು, ಬಾಯಿ ಬಿಡ್ತು, ಬಿಟ್ಟ ತಕ್ಷಣ ಹಾಲು ಪಿಚಕಾರಿ ತರ ಅದರ ಮುಖಕ್ಕೆ. ಮತ್ತೆ ಬಾಯಿ ಹಾಕ್ತು, ಈ ಸಲ ಒಸಡಲ್ಲಿ ಗಟ್ಟಿಯಾಗಿ ಕಚ್ಚಿ ಹಿಡಿದು. ಅಮ್ಮ ಹಲ್ಲು ಕಚ್ಚಿದ್ರು. ಪೈಪಿನ ನೀರು ಜೋರಾದ್ರೆ ನಾವು ಪೈಪ್ ಹಿಸುಕಿ ಹಿಡೀತೀವಲ್ಲ, ಪಾಪುನೂ ಅದನ್ನೇ ಮಾಡ್ತಿತ್ತು. ಗಾಯ ಎಲ್ಲಿಂದ ಬಂತು ಅಂತ ಗೊತ್ತಾಯ್ತು, ಅಷ್ಟು ಕಕ್ಕೋದು ಯಾಕೆ ಅಂತಾನೂ ಗೊತ್ತಾಯ್ತು. ನಾಲ್ಕೇ ನಿಮಿಷದಲ್ಲಿ ಹೊಟ್ಟೆ ತುಂಬಾ ಹಾಲು, ಹಾಲಿನ ಜೊತೆ ಗಾಳಿ. ತೇಗಿಸೋಕೆ ಭುಜದ ಮೇಲೆ ಹಾಕಿ ಎರಡು ತಟ್ಟಿದ್ರು, ಭಕ್ ಅಂತ ಬಂತು.

ಇಲ್ಲಿಗೆ ಮುಗೀತು ಅಂದ್ಕೊಂಡೆ. ಅಷ್ಟರಲ್ಲಿ ಅಪ್ಪ ಅಡುಗೆಮನೆಯಿಂದ ಬಾಟಲ್ ಹಿಡ್ಕೊಂಡು ಬಂದ್ರು, 60 ಎಂಎಲ್ ಪೌಡರ್ ಹಾಲು.

"ಇದ್ಯಾವಾಗಿಂದ ಕೊಡ್ತಿದೀರಾ?"

"ಒಂದು ತಿಂಗಳಾಯ್ತು ಮೇಡಂ. ಕಕ್ಕಿದ್ದು ತುಂಬಬೇಕಲ್ವಾ?"

ಪಾಪುನ ಮಲಗಿಸ್ಕೊಂಡು, ಬಾಟಲ್ ಮೇಲೆತ್ತಿ, ದೊಡ್ಡ ತೂತಿನ ನಿಪ್ಪಲ್‌ನಿಂದ ಮೂರು ನಿಮಿಷಕ್ಕೆ ಖಾಲಿ ಮಾಡಿಸಿದ್ರು. ಹತ್ತು ನಿಮಿಷಕ್ಕೆ ಮತ್ತೆ ಕಕ್ತು. ಅಪ್ಪ ನೋಟ್‌ಬುಕ್‌ಗೆ ಕೈ ಹಾಕಿದ್ರು. ದಿನಕ್ಕೆ ಎಷ್ಟು ಬಾಟಲ್ ಅಂತ ಕೇಳಿದ್ರೆ ಐದು. 300 ಎಂಎಲ್. ಆ ತೂಕದ ಮಗುಗೆ ಇಡೀ ದಿನಕ್ಕೆ ಬೇಕಾಗಿರೋದೇ ಕೆಜಿಗೆ 150 ಎಂಎಲ್ ಲೆಕ್ಕದಲ್ಲಿ ಸುಮಾರು 840. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಉಕ್ಕಿ ಹರೀತಿರೋ ಎದೆಹಾಲಿನ ಮೇಲೆ ಎಕ್ಸ್‌ಟ್ರಾ.

ನನಗೆ ನಾಚಿಕೆ ಆಗಿದ್ದು ಅಲ್ಲೇ. ಆ ಪೌಡರ್ ಇರೋದೇ ಹಸುವಿನ ಹಾಲಿಂದ. ಅಮ್ಮ ಎರಡು ವಾರ ಮೊಸರು ಮುಟ್ಟದೇ ಇದ್ರು, ಪಾಪು ದಿನಕ್ಕೆ ಐದು ಸಲ ನೇರವಾಗಿ ಹಸುವಿನ ಹಾಲಿನ ಪ್ರೋಟೀನ್ ಕುಡೀತಿತ್ತು. ನನ್ನ ಪ್ರಯೋಗಕ್ಕೆ ಅರ್ಥನೇ ಇರಲಿಲ್ಲ. "ಎದೆಹಾಲೇ ಕೊಡ್ತಿದೀರಾ?" ಅಂತ ಫೋನಲ್ಲಿ ಕೇಳಿದ್ದೆ, "ಹೌದು" ಅಂದಿದ್ರು, ಅವರ ಲೆಕ್ಕದಲ್ಲಿ ಬಾಟಲ್ ಊಟ ಅಲ್ಲ, ರಿಪೇರಿ. ಈಗ ನಾನು ಹಾಗೆ ಕೇಳೋದೇ ಇಲ್ಲ, "ನಿನ್ನೆ ಬೆಳಗ್ಗೆಯಿಂದ ಇವತ್ತು ಬೆಳಗ್ಗೆವರೆಗೂ ಪಾಪು ಬಾಯಿಗೆ ಏನೇನು ಹೋಯ್ತು, ಒಂದೊಂದಾಗಿ ಹೇಳಿ" ಅಂತೀನಿ.

ಏನು ಬದಲಾಯಿಸಿದ್ವಿ

ಅವತ್ತು ರಾತ್ರಿನೇ ಅಮ್ಮ ಮೊಸರನ್ನ ತಿಂದ್ರು, ಮೊದಲನೇ ಬದಲಾವಣೆ ಅದು. ಬಾಟಲ್ ಮೂರು ದಿನದಲ್ಲಿ ಒಂದೊಂದಾಗಿ ಬಿಡಿಸಿದ್ವಿ, ಒಟ್ಟಿಗೆ ಬಿಡೋಕೆ ಅಪ್ಪನಿಗೆ ಧೈರ್ಯ ಬರಲಿಲ್ಲ. ಕಕ್ಕಿದ ತಕ್ಷಣ ಏನೂ ಕೊಡಬೇಡಿ, ಹಸಿವು ಅಂತ ಪಾಪುನೇ ಕೇಳಿದಾಗ ಕೊಡಿ, ಕೈ ಬಾಯಿಗೆ ಹಾಕುತ್ತೆ, ತಲೆ ಆಚೀಚೆ ತಿರುಗಿಸಿ ಹುಡುಕುತ್ತೆ, ಅಲ್ಲಿವರೆಗೂ ಕಾಯಿರಿ ಅಂದೆ. ಧೈರ್ಯಕ್ಕೆ ಎರಡು ಅಳತೆ ಕೊಟ್ಟೆ, ದಿನಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಒದ್ದೆ ಡಯಾಪರ್, ಮತ್ತೆ ವಾರಕ್ಕೊಂದ್ಸಲ ಅದೇ ತಕ್ಕಡೀಲಿ ತೂಕ.

ಅಮ್ಮನ್ನ ಹಿಂದಕ್ಕೆ ಒರಗಿಸಿ ಅರ್ಧ ಮಲಗಿದ ಹಾಗೆ ಕೂರಿಸಿ, ಪಾಪುನ ಅವರ ಎದೆ ಮೇಲೆ ಬೋರಲಾಗಿ ಹಾಕಿದ್ವಿ. ಹೀಗಿದ್ರೆ ಹಾಲು ಮೇಲಕ್ಕೆ ಹತ್ತಬೇಕು, ರಭಸ ಕಮ್ಮಿ ಆಗುತ್ತೆ, ಮಗುಗೆ ಸಾಕು ಅನಿಸಿದ್ರೆ ತಲೆ ಎತ್ತಬಹುದು. ಹಾಲು ಜೋರಾಗಿ ಇಳಿಯೋವಾಗ ಮೊದಲ ಪಿಚಕಾರಿನ ಬಟ್ಟೆಗೆ ಬಿಟ್ಟು ಆಮೇಲೆ ಬಾಯಿಗೆ ಹಾಕೋದು, ಬಾಯಿ ಪೂರ್ತಿ ಅಗಲ ತೆಗೆದಮೇಲೆ ಹಾಕೋದು. ಗಾಯ ಹತ್ತು ದಿನದಲ್ಲಿ ವಾಸಿ ಆಯ್ತು. ಕುಡಿದಮೇಲೆ 20-30 ನಿಮಿಷ ನೆಟ್ಟಗೆ ಎತ್ಕೊಳೋದು, ಆದ್ರೆ ಹೊಟ್ಟೆ ಮಡಚದ ಹಾಗೆ. ಅವರು ಕುಡಿಸಿದ ತಕ್ಷಣ ಪಾಪುನ ಬೌನ್ಸರ್ ಸೀಟಲ್ಲಿ ಕೂರಿಸ್ತಿದ್ರು, ನೆಟ್ಟಗಿದೆ ಅಂತ, ಅಲ್ಲಿ ಮಗು ಕುಸಿದು ಹೊಟ್ಟೆ ಮೇಲೆನೇ ಒತ್ತಡ ಬೀಳ್ತಿತ್ತು. ಡಯಾಪರ್ ಟೈಟ್ ಕಟ್ಟಿದ್ರೂ ಅದೇ ಕಥೆ.

ನಿಜವಾಗ್ಲೂ ಜಗಳ ಆಗಿದ್ದು ಹಾಸಿಗೆ ವಿಷಯಕ್ಕೆ. ಅಜ್ಜಿ ಎರಡು ದಿಂಬು ಇಟ್ಟು ಇಳಿಜಾರು ಮಾಡಿ, ರಾತ್ರಿ ಪಾಪುನ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸ್ತಿದ್ರು. ಇಡೀ ಮನೇಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಕಕ್ಕೋದಲ್ಲ, ಈ ದಿಂಬು. "ಅಂಗಾತ ಮಲಗಿಸಿದ್ರೆ ಕಕ್ಕಿದ್ದು ಶ್ವಾಸಕ್ಕೆ ಸಿಕ್ಕೊಳಲ್ವೇನಮ್ಮಾ?" ಅಂದ್ರು ಅಜ್ಜಿ, ನ್ಯಾಯವಾದ ಪ್ರಶ್ನೆನೇ. ಪೇಪರ್ ಮೇಲೆ ಗೀಚಿ ತೋರಿಸಿದೆ. ನಾವು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತೆ, ಅನ್ನನಾಳ ಅದರ ಕೆಳಗೆ ಬೆನ್ನಿನ ಕಡೆ ಇರುತ್ತೆ. ಕಕ್ಕಿದ್ದು ಶ್ವಾಸನಾಳಕ್ಕೆ ಹೋಗಬೇಕು ಅಂದ್ರೆ ಮೇಲಕ್ಕೆ ಹತ್ತಬೇಕು. ಬೋರಲು ಹಾಕಿದ್ರೆ ಉಲ್ಟಾ ಆಗುತ್ತೆ, ಶ್ವಾಸನಾಳ ಕೆಳಗೆ ಬರುತ್ತೆ. ಮಗ್ಗುಲಲ್ಲಿ ಮಲಗಿದ ಮಗು ಯಾವಾಗ ಬೇಕಾದ್ರೂ ಬೋರಲಾಗಬಹುದು, ಇಳಿಜಾರಲ್ಲಿ ಜಾರಿ ಗದ್ದ ಎದೆಗೆ ತಾಗಿ ಉಸಿರು ಕಟ್ಟಬಹುದು. ಅಮೆರಿಕದ ಮಕ್ಕಳ ಡಾಕ್ಟರ್‌ಗಳ ಸಂಘ 1992ರಿಂದನೇ ಮಕ್ಕಳನ್ನ ಬೋರಲು ಮಲಗಿಸಬೇಡಿ ಅಂತ ಹೇಳ್ತಾ ಬಂದಿದೆ, 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿರೋ ಮಕ್ಕಳ ಹಾಸಿಗೆಗಳನ್ನ ಅಲ್ಲಿ 2022ರಲ್ಲಿ ಕಾನೂನು ತಂದೇ ನಿಲ್ಲಿಸಿದ್ರು. ಅಜ್ಜಿ ಚಿತ್ರ ಸುಮಾರು ಹೊತ್ತು ನೋಡಿದ್ರು, ಏನೂ ಹೇಳಲಿಲ್ಲ. ಸಂಜೆ ದಿಂಬು ಅವರೇ ತೆಗೆದಿಟ್ರು ಅಂತ ಅಮ್ಮ ಮೆಸೇಜ್ ಮಾಡಿದ್ರು.

ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ವಿ, ಡಾಕ್ಟರ್ ಹೇಳಿದ್ದನ್ನೇ ಬರೆದು. ಕಕ್ಕಿದ್ದು ಹಸಿರಾಗಿದ್ರೆ ಆ ಕ್ಷಣನೇ ಹೊರಡಬೇಕು, ಹಸಿರು ಅಂದ್ರೆ ಪಿತ್ತ, ಕರುಳಲ್ಲಿ ಅಡ್ಡ ಕಟ್ಟಿರಬಹುದು. ರಕ್ತ ಅಥವಾ ಕಂದು ಪುಡಿ ತರ ಬಂದ್ರೂ ಹಾಗೇ. ಪ್ರತಿ ಸಲ ಕುಡಿದಮೇಲೂ ದೂರಕ್ಕೆ ಚಿಮ್ಮಿ ವಾಂತಿ, ಹೊಟ್ಟೆ ಉಬ್ಬಿ ಗಟ್ಟಿ, ಜ್ವರ, ನೆತ್ತಿ ಉಬ್ಬೋದು, ಎಬ್ಬಿಸಿದ್ರೂ ಏಳದ ಮಂಪರು, ಒದ್ದೆ ಡಯಾಪರ್ ಕಮ್ಮಿ, ಕುಡಿಯೋಕೆ ಹಟ, ಉಸಿರಾಡೋಕೆ ಕಷ್ಟ, ತೂಕ ನಿಂತುಹೋಗೋದು. ಆರು ತಿಂಗಳಾದಮೇಲೆ ಹೊಸದಾಗಿ ಶುರುವಾದ್ರೂ ತೋರಿಸಬೇಕು.

ಆಮೇಲೆ ಏನಾಯ್ತು

ಒಂದು ವಾರಕ್ಕೆ ಹನ್ನೆರಡು ಇದ್ದಿದ್ದು ಐದಾರಕ್ಕೆ ಇಳೀತು. ತೂಕ ಆ ವಾರ 220 ಗ್ರಾಂ, ದಿನಕ್ಕೆ 31. ಅಪ್ಪನಿಗೆ ತೂಕದ ಏರಿಕೆ ಕಮ್ಮಿ ಆಯ್ತಲ್ಲ ಅಂತ ಮತ್ತೆ ಯೋಚನೆ, ಆ 31 ಚೆನ್ನಾಗಿರೋದೇ, ಮುಂಚಿನ 52ರಲ್ಲಿ ಸುಮಾರು ಪಾಲು ಬಾಟಲ್ ಹಾಲಿಂದ ಬಂದಿದ್ದು ಅಂತ ಒಪ್ಪಿಸೋಕೆ ಎರಡು ಫೋನ್ ಬೇಕಾಯ್ತು. ನೋಟ್‌ಬುಕ್ ಎತ್ತಿಡಿ ಅಂದೆ, ಎತ್ತಿಟ್ಟೆ ಅಂದ್ರು, ಇಟ್ಟಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಮತ್ತೆ ಜಾಸ್ತಿ ಆಯ್ತು, ದಿನಕ್ಕೆ ಎಂಟೊಂಬತ್ತು. ಮನೆಯವರು ಎಲ್ಲಾ ವಾಪಸ್ ಬಂತು ಅಂದ್ಕೊಂಡ್ರು. ನಾನು ಇದನ್ನ ಮುಂಚೆನೇ ಹೇಳಿಡಬೇಕಿತ್ತು, ಕಕ್ಕೋದು ಅತಿ ಹೆಚ್ಚಾಗೋ ವಯಸ್ಸೇ ಸುಮಾರು ನಾಲ್ಕು ತಿಂಗಳು. ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಸ್ನಾಯುವಿನ ಒಂದು ಬಳೆ ಇದೆ, ಅದು ಆಗಾಗ ತಾನಾಗೇ ಸಡಿಲ ಆಗುತ್ತೆ, ನಮ್ಮಲ್ಲೂ ಆಗುತ್ತೆ, ತೇಗು ಬರೋದು ಹಾಗೇನೇ. ಆದ್ರೆ ಮಗುವಿನ ಅನ್ನನಾಳ ಗಿಡ್ಡ, ಊಟ ಪೂರ್ತಿ ನೀರು, ದಿನದ ಬಹುಪಾಲು ಮಲಗೇ ಇರುತ್ತೆ, ಬಳೆ ಸಡಿಲ ಆದಾಗ ಬರೋದು ಬರೀ ಗಾಳಿ ಅಲ್ಲ. ಕೂತ್ಕೊಳೋಕೆ, ಗಟ್ಟಿ ಊಟ ತಿನ್ನೋಕೆ ಶುರು ಮಾಡಿದಮೇಲೆ ನಿಧಾನವಾಗಿ ಇಳಿಯುತ್ತೆ, ಸುಮಾರು ಮಕ್ಕಳಲ್ಲಿ ವರ್ಷ ತುಂಬೋ ಹೊತ್ತಿಗೆ ನಿಂತಿರುತ್ತೆ.

ಹಾಲು ಗಟ್ಟಿ ಮಾಡೋ ಪುಡಿ ಹಾಕೋಣ್ವಾ ಅಂತ ಯಾರೋ ಐಡಿಯಾ ಕೊಟ್ಟಿದ್ರು. ಹಿಂಡಿ ತೆಗೆದ ಎದೆಹಾಲಿಗೆ ಧಾನ್ಯದ ಪುಡಿ ಹಾಕಿದ್ರೆ ಅದು ಗಟ್ಟಿನೇ ಆಗಿ ಉಳಿಯಲ್ಲ, ಎದೆಹಾಲಲ್ಲಿರೋ ಅಮೈಲೇಸ್ ಅನ್ನೋ ಕಿಣ್ವ ಪಿಷ್ಟನ ಕರಗಿಸಿಬಿಡುತ್ತೆ. ಅದೂ ಅಲ್ದೇ ಆರಾಮಾಗಿ ನಗ್ತಾ ಬೆಳೀತಿರೋ ಮಗುಗೆ ಅದು ಯಾಕೆ. ತೂಕ ನೋಡಿದ್ವಿ, ಸರಿ ಇತ್ತು. ಚೀಟಿ ಓದಿದ್ವಿ, ಅದರಲ್ಲಿರೋದು ಒಂದೂ ಇರಲಿಲ್ಲ. ಏನೂ ಮಾಡಲಿಲ್ಲ. ಏನೂ ಮಾಡದೇ ಇರೋದು ಆ ಮನೆಗೆ ಎಷ್ಟು ಕಷ್ಟ ಆಯ್ತು ಅಂದ್ರೆ, ಮೂರು ವಾರ ದಿನಾ ಫೋನ್, ನನಗೆ ಹೇಳೋಕೆ ಹೊಸದೇನೂ ಇಲ್ಲ, ಅವರಿಗೂ ಗೊತ್ತು, ಆದ್ರೂ ಮಾಡೋರು, ಆದ್ರೂ ಎತ್ತೋಳು.

ಆರು ತಿಂಗಳು ದಾಟಿದಮೇಲೆ ಫೋನ್ ಕಮ್ಮಿ ಆಯ್ತು. ಒಂಬತ್ತನೇ ತಿಂಗಳಲ್ಲಿ ಅಪರೂಪಕ್ಕೆ ಒಂದು ಸಲ. ವರ್ಷ ತುಂಬಿ ಇಪ್ಪತ್ತು ದಿನಕ್ಕೆ ಕೊನೇದು ಅಂತ ಅಪ್ಪ ಹೇಳಿದ್ರು, ಅಂದ್ರೆ ನೋಟ್‌ಬುಕ್ ಇನ್ನೂ ಇತ್ತು.

ಆಮೇಲೆ ಸುಮಾರು ತಿಂಗಳು ಮಾತೇ ಇರಲಿಲ್ಲ. ಒಂದಿನ ಅಮ್ಮನೇ ಫೋನ್ ಮಾಡಿ, ನಮ್ಮ ಸಂಬಂಧಿಕರ ಮಗು ಮೇಡಂ, ಗಂಡುಮಗು, ನಾಲ್ಕು ವಾರ, ಕಕ್ಕುತ್ತೆ ಅಂತಿದಾರೆ ಅಂದ್ರು. ಎಲ್ಲರೂ ಅವರ ಹತ್ರಾನೇ ಕೇಳಿದ್ರಂತೆ, ನಿಮ್ಮ ಪಾಪುಗೂ ಹಿಂಗೇ ಇತ್ತಲ್ಲ, ತಾನಾಗೇ ಹೋಯ್ತಲ್ಲ ಅಂತ. ಇವರು ಹಂಗೇ ಹೂಂ ಅಂದುಬಿಡಬಹುದಿತ್ತು. ಬದಲಿಗೆ ಬಟ್ಟೆ ಫೋಟೋ ಕಳಿಸಬೇಡಿ, ಡಯಾಪರ್ ಎಷ್ಟು ಒದ್ದೆ ಆಗ್ತಿದೆ ಹೇಳಿ, ತೂಕ ಎಷ್ಟಿದೆ ಹೇಳಿ ಅಂದಿದಾರೆ. ಒದ್ದೆ ಡಯಾಪರ್ ದಿನಕ್ಕೆ ಎರಡು. ತೂಕ ಹಿಂದಿನ ವಾರಕ್ಕಿಂತ ಕಮ್ಮಿ. ಹಾಲು ತೊಟ್ಟಿಲು ದಾಟಿ ಚಿಮ್ಮುತ್ತೆ, ವಾಂತಿ ಆದ ತಕ್ಷಣ ಮತ್ತೆ ಹಸಿವು ಅಂತ ಅಳುತ್ತೆ.

"ಇದು ನಮ್ಮ ಕೇಸಲ್ಲ ಅನ್ಸುತ್ತೆ ಮೇಡಂ, ಆಸ್ಪತ್ರೆಗೆ ಹೋಗಿ ಅಂತ ಹೇಳಿಬಿಟ್ಟೆ, ಸರಿ ತಾನೇ?"

ಸರಿನೇ ಇತ್ತು. ಹೊಟ್ಟೆಯಿಂದ ಕರುಳಿಗೆ ಹೋಗೋ ಬಾಗಿಲ ಸ್ನಾಯು ದಪ್ಪ ಆಗಿ ಹಾಲು ಕೆಳಗೇ ಇಳೀದೇ ಇರೋದು, ಪೈಲೋರಿಕ್ ಸ್ಟೆನೋಸಿಸ್ ಅಂತಾರೆ, ಎರಡರಿಂದ ಎಂಟು ವಾರದ ಮಕ್ಕಳಲ್ಲಿ ಬರುತ್ತೆ, ಗಂಡುಮಕ್ಕಳಲ್ಲಿ ಜಾಸ್ತಿ. ಅಲ್ಟ್ರಾಸೌಂಡಲ್ಲಿ ಕಾಣಿಸ್ತು. ಮೊದಲು ಡ್ರಿಪ್ ಹಾಕಿ ದೇಹದ ನೀರು, ಉಪ್ಪಿನಂಶ ಸರಿ ಮಾಡಿ, ಆಮೇಲೆ ಚಿಕ್ಕ ಆಪರೇಷನ್. ಮಾರನೇ ದಿನ ಆ ಮಗು ಹಾಲು ಕುಡಿದು ಸ್ವಲ್ಪ ಕಕ್ತಂತೆ, ಅಲ್ಲಿದ್ದೋರೆಲ್ಲಾ ಗಾಬರಿ, ಇವರು ಮಾತ್ರ ಬಟ್ಟೆ ತಗೊಂಡು ಒರೆಸಿ, ಡಯಾಪರ್ ಮುಟ್ಟಿ ನೋಡಿದ್ರಂತೆ.